ವಿಎಸ್‌ಎನ್‌ಎಲ್: ಮಾರಿದ್ದು ಬೇರೆ, ಬಾಗಿಲು ತೆರೆದದ್ದು ಬೇರೆ

ಸರ್ಕಾರಿ ಫೋನ್ ಕಂಪನಿ ಬಿಎಸ್‌ಎನ್‌ಎಲ್ ಅನ್ನು ಮಾರಬೇಕಾ ಬೇಡವಾ ಅನ್ನುವ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು ವಿಎಸ್‌ಎನ್‌ಎಲ್ ಉದಾಹರಣೆ ಕೊಡುತ್ತಾರೆ. ಹೊರದೇಶದ ಫೋನ್ ಕರೆಗಳನ್ನು ನಡೆಸುತ್ತಿದ್ದ ಸರ್ಕಾರಿ ಕಂಪನಿ ಅದು, ಆಮೇಲೆ ಟಾಟಾ ಕೈಗೆ ಹೋಯಿತು. "ಟಾಟಾದವರಿಗೆ ಕೊಟ್ಟ ಮೇಲೆ ನೋಡಿ, ಫಾರಿನ್ ಕಾಲ್ ಎಷ್ಟು ಅಗ್ಗ ಆಯ್ತು" ಅನ್ನುತ್ತಾರೆ. ಪಕ್ಕದಲ್ಲಿದ್ದವರು "ಲಾಭದಲ್ಲಿದ್ದ ಕಂಪನಿಯನ್ನ ಸುಮ್ನೆ ಕೊಟ್ಟುಬಿಟ್ರು" ಅನ್ನುತ್ತಾರೆ. ಎರಡೂ ಮಾತನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ, ಎರಡರಲ್ಲೂ ಅರ್ಧ ಮಾತ್ರ ನಿಜ. 2002ರಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕೆಲವೇ ವಾರಗಳ ಅಂತರದಲ್ಲಿ ನಡೆದವು. ಫೆಬ್ರವರಿಯಲ್ಲಿ ಸರ್ಕಾರ ಕಂಪನಿಯ ಪಾಲು ಮಾರಿತು. ಮಾರ್ಚ್ ಕೊನೆಗೆ ಹೊರದೇಶದ ಕರೆ ನಡೆಸಲು ಆ ಕಂಪನಿಗೆ ಮಾತ್ರ ಇದ್ದ ಹಕ್ಕನ್ನು ಕೊನೆಗೊಳಿಸಿತು. ಒಟ್ಟಿಗೆ ಆಗಿದ್ದರಿಂದ ನಮ್ಮ ನೆನಪಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಿಂದ ಹೊರಗೆ ಹೋಗುವ ತಂತಿ, ರೇಡಿಯೊ ಸಂಪರ್ಕವೆಲ್ಲ ಖಾಸಗಿ ಕಂಪನಿಯ ಕೈಯಲ್ಲಿತ್ತು. 1947ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಓವರ್‌ಸೀಸ್ ಕಮ್ಯುನಿಕೇಷನ್ಸ್ ಸರ್ವೀಸ್ ಅಂತ ಹೆಸರಿಟ್ಟಿತು. ಅಂದರೆ ಈ ಸಂಸ್ಥೆ ಹುಟ್ಟಿದ್ದೇ ರಾಷ್ಟ್ರೀಕರಣದಿಂದ. 1971ರಲ್ಲಿ ಪುಣೆ ಹತ್ತಿರದ ಆರ್ವಿಯಲ್ಲಿ ಉಪಗ್ರಹ ಭೂಕೇಂದ್ರ ಶುರುವಾಯಿತು, ಅದಕ್ಕೆ ವಿಕ್ರಮ್ ಸಾರಾಭಾಯಿಯವರ ಹೆಸರು. 1986ರ ಏಪ್ರಿಲ್‌ನಲ್ಲಿ ಇಲಾಖೆಯ ರೂಪ ಬಿಟ್ಟು ವಿದೇಶ ಸಂಚಾರ ನಿಗಮ ಲಿಮಿಟೆಡ್ ಅನ್ನುವ ಕಂಪನಿಯಾಯಿತು, ಮುಖ್ಯ ಕಚೇರಿ ಮುಂಬೈ ಫೋರ್ಟ್‌ನಲ್ಲಿ.

ನಮ್ಮ ಪೀಳಿಗೆಯವರಿಗೆ ಈ ಹೆಸರು ಗೊತ್ತಾಗಿದ್ದು ಇಂಟರ್ನೆಟ್‌ನಿಂದ. 1995ರ ಆಗಸ್ಟ್ 15ರಂದು ಸಾಮಾನ್ಯ ಜನರಿಗೆ ಇಂಟರ್ನೆಟ್ ಕೊಟ್ಟವರು ಇವರೇ. ಆಗ ಬಿ.ಕೆ. ಸಿಂಗಲ್ ಮುಖ್ಯಸ್ಥರು. ಮೊದಲು ದೊಡ್ಡ ಮಹಾನಗರಗಳಿಗೆ ಬಂತು, ಆಮೇಲೆ ಬೆಂಗಳೂರಿಗೂ ಬಂತು. 9.6 ಕೆಬಿಪಿಎಸ್ ವೇಗ, ವರ್ಷಕ್ಕೆ 250 ಗಂಟೆ, ವ್ಯಾಪಾರಿ ಸಂಸ್ಥೆಗಳಿಗೆ 25,000 ರೂಪಾಯಿ! ಅಕ್ಷರ ಮಾತ್ರ ಕಾಣುವ ಶೆಲ್ ಅಕೌಂಟ್ ಕಡಿಮೆ ದುಡ್ಡಿಗೆ ಸಿಗುತ್ತಿತ್ತು. ಬೆಂಗಳೂರಿನ ಇಮೇಲ್ ವಿಳಾಸಗಳಲ್ಲಿ @ ಆದಮೇಲೆ ಜಿಐಎಎಸ್‌ಬಿಜಿ01 ಅಂತ ಇರುತ್ತಿತ್ತು, ನೆನಪಿದೆಯಾ? ಆ ಕಾಲದ ವಿಸಿಟಿಂಗ್ ಕಾರ್ಡುಗಳಲ್ಲಿ ಆ ಉದ್ದದ ವಿಳಾಸ ಇದ್ದರೆ ಅದಕ್ಕೊಂದು ಗತ್ತು. ಶುರುವಿನಲ್ಲಿ ಲೈನ್ ಸಿಗದೆ ಜನ ಒದ್ದಾಡಿದರು, ದೂರುಗಳು ಬಂದವು. ಆದರೂ ಅದನ್ನು ಶುರು ಮಾಡಿದ ಸರ್ಕಾರಿ ಇಂಜಿನಿಯರುಗಳ ಬಗ್ಗೆ ನನಗೆ ಈಗಲೂ ಗೌರವ ಇದೆ. ಯಾರೂ ಕೇಳದಿದ್ದಾಗ ಕೊಟ್ಟರು. ಸರ್ಕಾರಿ ಕಂಪನಿ ಎಂದರೆ ಏನೂ ಮಾಡದ ಕಂಪನಿ ಎನ್ನುವ ಮಾತು ಇಲ್ಲಿ ಸುಳ್ಳು.

ಹಾಗಾದರೆ ಲಾಭ ಎಲ್ಲಿಂದ ಬರುತ್ತಿತ್ತು? ಇಂಟರ್ನೆಟ್‌ನಿಂದ ಅಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದಿಂದ ಮಗ ಹಾಸನದ ಅಮ್ಮನಿಗೆ ಫೋನ್ ಮಾಡಿದ ಅಂದುಕೊಳ್ಳಿ. ದುಡ್ಡು ಕೊಡುವುದು ಮಗ, ಅದನ್ನು ತೆಗೆದುಕೊಳ್ಳುವುದು ಅಲ್ಲಿನ ಫೋನ್ ಕಂಪನಿ. ಆದರೆ ಆ ಕರೆಯನ್ನು ಇಲ್ಲಿ ಇಳಿಸಿಕೊಂಡು ಹಾಸನದ ಮನೆಗೆ ತಲುಪಿಸಬೇಕಲ್ಲ, ಅದಕ್ಕೆ ಅಲ್ಲಿನ ಕಂಪನಿ ಇಲ್ಲಿನ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಡಾಲರ್‌ನಲ್ಲಿ ಕೊಡಬೇಕು. ಎರಡೂ ಕಡೆಯಿಂದ ಅಷ್ಟೇ ಕರೆಗಳು ಹೋಗಿ ಬಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ನಮ್ಮ ಕಡೆಯಿಂದ ಹೋಗುವ ಕರೆಗಿಂತ ಬರುವ ಕರೆಯೇ ಬಹಳ ಜಾಸ್ತಿ. ಇಲ್ಲಿಂದ ಐಎಸ್‌ಡಿ ಮಾಡುವುದೆಂದರೆ ನಿಮಿಷಕ್ಕೆ ಐವತ್ತು-ಅರವತ್ತು ರೂಪಾಯಿಯ ಮಾತು, ಹಳದಿ ಬೋರ್ಡಿನ ಬೂತಿನಲ್ಲಿ ಮೀಟರ್ ನೋಡುತ್ತಾ ನೋಡುತ್ತಾ ಮಾತಾಡಬೇಕಿತ್ತು, ಹಾಗಾಗಿ "ನೀನೇ ಮಾಡಪ್ಪ" ಅಂತ ಹೇಳಿ ಇಡುತ್ತಿದ್ದರು. ಗಲ್ಫ್‌ನಲ್ಲಿ ದುಡಿಯುವ ಮಂಗಳೂರಿನವರು, ಭಟ್ಕಳದವರು, ಅಮೆರಿಕಕ್ಕೆ ಹೋದ ಸಾಫ್ಟ್‌ವೇರ್‌ನವರು, ಇವರೆಲ್ಲ ಮನೆಗೆ ಮಾಡಿದ ಪ್ರತಿ ಕರೆಯ ಒಂದು ಪಾಲು ಡಾಲರ್ ರೂಪದಲ್ಲಿ ವಿಎಸ್‌ಎನ್‌ಎಲ್‌ಗೆ ಬರುತ್ತಿತ್ತು. ಊರಿಗೆ ಇರುವ ಒಂದೇ ರಸ್ತೆಯಲ್ಲಿ ಕುಳಿತ ಟೋಲ್ ಗೇಟ್ ಹಾಗೆ. ಬೇರೆ ದಾರಿ ಇಲ್ಲ.

ಈ ಲಾಭ ನೋಡಿಯೇ 1997ರಲ್ಲಿ ವಿದೇಶಿ ಹೂಡಿಕೆದಾರರು ಜಿಡಿಆರ್ (ನಮ್ಮ ಕಂಪನಿಯ ಷೇರಿನ ಬದಲು ಹೊರದೇಶದ ಪೇಟೆಯಲ್ಲಿ ಮಾರುವ ಪತ್ರ) ಮೂಲಕ 50 ಕೋಟಿ ಡಾಲರ್‌ಗಿಂತ ಜಾಸ್ತಿ ಹಣ ಹಾಕಿದರು. 2000ದಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಹೋಯಿತು. ಸರ್ಕಾರದ ಪಾಲು ಇಳಿದು ಇಳಿದು 53%ರ ಹತ್ತಿರ ಬಂದಿತ್ತು.

ಆದರೆ ಟೋಲ್ ಗೇಟಿಗೆ ಕೊನೆಯ ದಿನ ಮೊದಲೇ ನಿಗದಿಯಾಗಿತ್ತು. 2004ರವರೆಗೆ ಇದ್ದ ಏಕಸ್ವಾಮ್ಯವನ್ನು ಎರಡು ವರ್ಷ ಮುಂಚೆಯೇ, 2002ರ ಮಾರ್ಚ್ 31ಕ್ಕೆ ಮುಗಿಸುತ್ತೇವೆ ಅಂತ ಸರ್ಕಾರ ಹೇಳಿತು. ಜೊತೆಗೆ ಪ್ರಪಂಚದಾದ್ಯಂತ ಆ ಡಾಲರ್ ಲೆಕ್ಕದ ದರಗಳೂ ಇಳಿಯುತ್ತಿದ್ದವು. ಹಾಗಾಗಿ "ಚೆನ್ನಾಗಿ ಲಾಭ ಮಾಡುತ್ತಿದ್ದ ಕಂಪನಿಯನ್ನು ಮಾರಿದರು" ಅನ್ನುವಾಗ, ಆ ಲಾಭ ಮುಂದೆ ಹಾಗೇ ಬರುತ್ತಿರಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು. ಯಾರ ಕೈಯಲ್ಲಿದ್ದರೂ ಬರುತ್ತಿರಲಿಲ್ಲ.

ಇನ್ನು ಮಾರಾಟ. ಅರುಣ್ ಶೌರಿ ಆಗ ಹೂಡಿಕೆ ಹಿಂತೆಗೆತದ ಸಚಿವರು. ಕೊನೆಗೆ ಉಳಿದ ಬಿಡ್ಡುಗಳು ಎರಡು, ಟಾಟಾ ಮತ್ತು ರಿಲಯನ್ಸ್. ಟಾಟಾ ಗುಂಪಿನ ಪ್ಯಾನಟೋನ್ ಫಿನ್‌ವೆಸ್ಟ್ 25% ಪಾಲಿಗೆ 1,439 ಕೋಟಿ ರೂಪಾಯಿ ಕೊಟ್ಟಿತು, ಷೇರಿಗೆ 202 ರೂಪಾಯಿ. 2002ರ ಫೆಬ್ರವರಿ 13ರಂದು ಕಂಪನಿಯ ಆಡಳಿತ ಕೈ ಬದಲಾಯಿಸಿತು. ನಿಯಮದ ಪ್ರಕಾರ ಸಾರ್ವಜನಿಕರಿಂದಲೂ 20% ಕೊಂಡು ಟಾಟಾ ಪಾಲು 45% ಆಯಿತು. ಸರ್ಕಾರ 26% ಉಳಿಸಿಕೊಂಡಿತು. ಮಾರುವ ಮುಂಚೆ ಕಂಪನಿಯ ಖಜಾನೆಯಲ್ಲಿದ್ದ ದುಡ್ಡಿನ ದೊಡ್ಡ ಭಾಗವನ್ನು ವಿಶೇಷ ಲಾಭಾಂಶದ ರೂಪದಲ್ಲಿ ಹೊರಗೆ ತೆಗೆದಿದ್ದರು. ಬುದ್ಧಿವಂತ ಕೆಲಸ. ಕೊಳ್ಳುವವರು ಕಂಪನಿಯ ದುಡ್ಡಿನಿಂದಲೇ ಕಂಪನಿ ಕೊಳ್ಳುವ ಹಾಗೆ ಆಗಬಾರದಲ್ವಾ?

ಆದರೂ ಮೂರೇ ತಿಂಗಳಲ್ಲಿ ಜಗಳ ಶುರು. ಉಳಿದ ಹಣದಲ್ಲಿ 1,200 ಕೋಟಿಯನ್ನು ಅದೇ ಗುಂಪಿನ ಟಾಟಾ ಟೆಲಿಸರ್ವೀಸಸ್‌ನಲ್ಲಿ ಹಾಕುತ್ತೇವೆ ಅಂತ ಹೊಸ ಆಡಳಿತ ಮಂಡಳಿ ತೀರ್ಮಾನಿಸಿತು. ಸಂಪರ್ಕ ಸಚಿವ ಪ್ರಮೋದ್ ಮಹಾಜನ್ ಸಿಟ್ಟಾದರು, ಪತ್ರಿಕೆಗಳಲ್ಲಿ ವಾರಗಟ್ಟಲೆ ಅದೇ ಸುದ್ದಿ, ಷೇರು ಬೆಲೆ ಬಿತ್ತು. ನನ್ನ ಪ್ರಕಾರ ಸಚಿವರ ಸಿಟ್ಟು ನ್ಯಾಯವಾದದ್ದೇ, ಆದರೆ ತಡವಾಗಿ ಬಂದದ್ದು. ಇಂಥದ್ದಕ್ಕೆ ತಡೆ ಒಪ್ಪಂದದಲ್ಲೇ ಇರಬೇಕಿತ್ತು. ಸಹಿ ಆದಮೇಲೆ ಮಾತಿನಲ್ಲಿ ತಡೆಯುವುದು ಕಷ್ಟ.

ಈಗ ಆ ಅಗ್ಗದ ಕರೆಯ ವಿಷಯ. 2002ರ ಏಪ್ರಿಲ್‌ನಿಂದ ಹೊರದೇಶದ ಕರೆಗಳ ವ್ಯವಹಾರ ಎಲ್ಲರಿಗೂ ತೆರೆಯಿತು. ಭಾರ್ತಿ, ರಿಲಯನ್ಸ್, ಡೇಟಾ ಆಕ್ಸೆಸ್ ಅನ್ನುವ ಖಾಸಗಿ ಕಂಪನಿಗಳು ಬಂದವು. ಅದೇ ಏಪ್ರಿಲ್ 1ರಿಂದ ಇಂಟರ್ನೆಟ್ ಮೂಲಕ ಫೋನ್ ಮಾಡುವುದೂ ಕಾನೂನುಬದ್ಧ ಆಯಿತು. ಸೈಬರ್ ಕೆಫೆಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ದುಬೈಗೆ, ನ್ಯೂಜೆರ್ಸಿಗೆ ಜೋರಾಗಿ ಮಾತಾಡುವವರ ಕಾಲ ಅದು. ದರ ಇಳಿಸಿದ್ದು ಈ ಪೈಪೋಟಿ. ಟಾಟಾ ಕೊಂಡಿದ್ದಕ್ಕೆ ಇಳಿದದ್ದಲ್ಲ. ದರ ಇಳಿದ ಹೊಡೆತ ಬಿದ್ದದ್ದೇ ವಿಎಸ್‌ಎನ್‌ಎಲ್ ಮೇಲೆ, ಮುಂದಿನ ವರ್ಷವೇ ಅದರ ಆದಾಯ ಕುಸಿಯಿತು. ಬಿಎಸ್‌ಎನ್‌ಎಲ್ ಮತ್ತು ದೆಹಲಿ-ಮುಂಬೈಯ ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್ ಎರಡು ವರ್ಷ ತಮ್ಮ ಹೊರದೇಶದ ಕರೆಗಳನ್ನು ವಿಎಸ್‌ಎನ್‌ಎಲ್ ಮೂಲಕವೇ ಕಳಿಸಬೇಕು ಅನ್ನುವ ಏರ್ಪಾಡು ಇಲ್ಲದಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು.

ಪಾಲು ಮಾರಿ ಬಾಗಿಲು ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು? ಅದೇ ಅರವತ್ತು ರೂಪಾಯಿ, ಲಾಭ ಮಾತ್ರ ಬೇರೆಯವರ ಜೇಬಿಗೆ. ಇದನ್ನು ಊಹೆ ಅನ್ನಬೇಡಿ, ಒಂದು ಕಡೆ ಅದರ ರುಚಿ ನಮಗೆ ಸಿಕ್ಕಿದೆ. ಸಮುದ್ರದಡಿಯ ಕೇಬಲ್‌ಗಳು ದಡಕ್ಕೆ ಬಂದು ಸೇರುವ ಜಾಗಕ್ಕೆ ಕೇಬಲ್ ಲ್ಯಾಂಡಿಂಗ್ ಸ್ಟೇಷನ್ ಅನ್ನುತ್ತಾರೆ. ಹಳೆಯ ಸ್ಟೇಷನ್‌ಗಳು ಕಂಪನಿಯ ಜೊತೆಗೇ ಖಾಸಗಿ ಕೈಗೆ ಹೋದವು. ಬೇರೆ ಕಂಪನಿಗಳು ಅಲ್ಲಿ ಸಂಪರ್ಕ ಪಡೆಯುವುದು ಹೇಗೆ, ಎಷ್ಟು ಕೊಡಬೇಕು ಅಂತ ವರ್ಷಗಟ್ಟಲೆ ತಕರಾರು ನಡೆದು, ದೂರಸಂಪರ್ಕದ ನಿಯಂತ್ರಣ ಸಂಸ್ಥೆ ಟ್ರಾಯ್ 2007ರಲ್ಲಿ ಅದಕ್ಕಾಗಿಯೇ ನಿಯಮ ತರಬೇಕಾಯಿತು. ಆಮೇಲೆ 2012ರಲ್ಲಿ ದರವನ್ನೂ ತಾನೇ ನಿಗದಿ ಮಾಡಿತು. ಬೆಂಗಳೂರಿಗೆ ಸಮುದ್ರ ಇಲ್ಲ. ಇಲ್ಲಿನ ಸಾಫ್ಟ್‌ವೇರ್ ಕಂಪನಿಗಳ ಡೇಟಾ ಎಲ್ಲ ಮುಂಬೈ, ಚೆನ್ನೈ, ಕೊಚ್ಚಿಯ ದಡ ದಾಟಿಯೇ ಹೋಗಬೇಕು. ಹಾಗಾಗಿ ದಡದ ಆ ಕಟ್ಟಡಗಳಲ್ಲಿ ಯಾರು ಕೂತಿದ್ದಾರೆ ಅನ್ನುವುದು ನಮಗೂ ಸಂಬಂಧಪಟ್ಟ ವಿಷಯ. 2002ರಲ್ಲಿ ಭಾರ್ತಿ ಮತ್ತು ಸಿಂಗಪುರದ ಫೋನ್ ಕಂಪನಿ ಸಿಂಗ್‌ಟೆಲ್ ಸೇರಿ ಚೆನ್ನೈಯಿಂದ ಸಿಂಗಪುರಕ್ಕೆ ಸ್ವಂತ ಕೇಬಲ್ ಹಾಕಿದ್ದು ಅದಕ್ಕೇ ಅಷ್ಟು ಮುಖ್ಯ. ಇನ್ನೊಂದು ದಾರಿ ಸಿಕ್ಕಿತು.

ಇಷ್ಟು ಹೇಳಿದ ಮೇಲೆ, ಖಾಸಗಿ ಆಗಿದ್ದರಿಂದಲೇ ಆಗಿದ್ದು ಏನು ಅಂತಲೂ ಹೇಳಲೇಬೇಕು. ಅದು ಸಣ್ಣದಲ್ಲ.

ಇಂಟರ್ನೆಟ್ ಕಂಪನಿಗಳ ಷೇರಿಗೆ ಹುಚ್ಚು ಬೆಲೆ ಬಂದಿದ್ದ ಡಾಟ್‌ಕಾಮ್ ಕಾಲದಲ್ಲಿ ಅಮೆರಿಕದ ಕಂಪನಿಗಳು ಸಾಲದ ಮೇಲೆ ಸಾಲ ಮಾಡಿ ಸಮುದ್ರದ ತಳದಲ್ಲಿ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಕೇಬಲ್ ಹಾಕಿದ್ದವು. ಗುಳ್ಳೆ ಒಡೆಯಿತು. ಶತಕೋಟಿಗಟ್ಟಲೆ ಡಾಲರ್ ಸುರಿದು ಹಾಕಿದ್ದ ಟೈಕೊ ಗ್ಲೋಬಲ್ ನೆಟ್‌ವರ್ಕ್, ಸುಮಾರು 60,000 ಕಿಲೋಮೀಟರ್ ಉದ್ದದ್ದು, ಮಾರಾಟಕ್ಕೆ ಬಂತು. ವಿಎಸ್‌ಎನ್‌ಎಲ್ ಅದನ್ನು 13 ಕೋಟಿ ಡಾಲರ್‌ಗೆ ಕೊಂಡಿತು! 2004ರ ನವೆಂಬರ್‌ನಲ್ಲಿ ಒಪ್ಪಂದ, 2005ರ ಜುಲೈನಲ್ಲಿ ಪೂರ್ತಿ. ನಡುವೆ ಭಾರತದ ಕಂಪನಿಯೊಂದು ಇಂಥ ಕೇಬಲ್ ಕೊಳ್ಳಬಹುದಾ ಅಂತ ಅಮೆರಿಕ ಸರ್ಕಾರ ಭದ್ರತೆಯ ದೃಷ್ಟಿಯಿಂದ ಪರಿಶೀಲಿಸಿತು, ಷರತ್ತಿನ ಒಪ್ಪಂದ ಮಾಡಿಸಿಕೊಂಡಿತು. ಸರ್ಕಾರಿ ಕಂಪನಿ ಇದನ್ನು ಮಾಡುತ್ತಿತ್ತಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಮುಳುಗುತ್ತಿರುವ ಉದ್ಯಮದಲ್ಲಿ ಅಮೆರಿಕದ ಕೇಬಲ್ ಕೊಳ್ಳುವ ಕಡತಕ್ಕೆ ಯಾವ ಅಧಿಕಾರಿ ಸಹಿ ಹಾಕುತ್ತಾನೆ? ನಾಳೆ ನಷ್ಟವಾದರೆ ಸಿಎಜಿ ಕೇಳುತ್ತದೆ, ಸಿಬಿಐ ಕೇಳುತ್ತದೆ, ಸಂಸತ್ತು ಕೇಳುತ್ತದೆ. ಆ ಅಧಿಕಾರಿಯನ್ನು ನಾನು ಬೈಯುವುದಿಲ್ಲ. ಅವನಿಗೆ ಧೈರ್ಯ ಮಾಡಲು ಯಾವ ಕಾರಣವನ್ನೂ ನಾವು ಕೊಟ್ಟಿಲ್ಲ.

ಅದಾದಮೇಲೆ ಕೆನಡಾದ ಟೆಲಿಗ್ಲೋಬ್. ಈ ಭಾಗ ನನಗೆ ತುಂಬ ಇಷ್ಟ. ಟೆಲಿಗ್ಲೋಬ್ ಕೂಡ ವಿಎಸ್‌ಎನ್‌ಎಲ್ ಥರವೇ, ಕೆನಡಾ ಸರ್ಕಾರದ ಹೊರದೇಶ ಸಂಪರ್ಕದ ಕಂಪನಿ. ಅಲ್ಲಿ 1987ರಲ್ಲೇ ಖಾಸಗಿಗೆ ಕೊಟ್ಟರು. ಆಮೇಲೆ ಬಿಸಿಇ ಅನ್ನುವ ದೊಡ್ಡ ಕಂಪನಿ ಭಾರಿ ಬೆಲೆಗೆ ಅದನ್ನು ಕೊಂಡಿತು, ಅತಿಯಾಸೆಯಲ್ಲಿ ಕೇಬಲ್ ಜಾಲಕ್ಕೆ ಹಣ ಸುರಿದರು, 2002ರಲ್ಲಿ ಬಿಸಿಇ ಕೈ ಬಿಟ್ಟಿತು, ಕಂಪನಿ ದಿವಾಳಿ ಆಯಿತು. ನಮ್ಮ ವಿಎಸ್‌ಎನ್‌ಎಲ್ ಖಾಸಗಿಯಾದ ಅದೇ ವರ್ಷ ಅದೇ ಜಾತಿಯ ಇನ್ನೊಂದು ಕಂಪನಿ ಖಾಸಗಿಯಾಗಿಯೇ ಮುಳುಗಿತು. ಹೊಸ ಮಾಲೀಕರು ಅದನ್ನು ಎತ್ತಿ ನಿಲ್ಲಿಸಿದರು, 2005ರಲ್ಲಿ ನಮ್ಮ ವಿಎಸ್‌ಎನ್‌ಎಲ್‌ನವರು 23.9 ಕೋಟಿ ಡಾಲರ್‌ಗೆ ಒಪ್ಪಂದ ಮಾಡಿಕೊಂಡು ಮುಂದಿನ ವರ್ಷದ ಆರಂಭದಲ್ಲಿ ಕೊಂಡರು. ಖಾಸಗೀಕರಣ ಮಾಡಿದರೆ ಬೆಳವಣಿಗೆ ತಾನಾಗಿ ಬರುತ್ತದೆ ಅನ್ನುವವರಿಗೆ ನಾನು ಟೆಲಿಗ್ಲೋಬ್ ಹೆಸರು ಹೇಳುತ್ತೇನೆ. ಯಾವಾಗ ಕೊಂಡರು, ಎಷ್ಟಕ್ಕೆ ಕೊಂಡರು, ಅಷ್ಟೇ ವ್ಯತ್ಯಾಸ. ಒಬ್ಬರು ಬೆಲೆ ತುದಿಯಲ್ಲಿದ್ದಾಗ ಕೊಂಡರು, ಇನ್ನೊಬ್ಬರು ನೆಲ ಕಚ್ಚಿದಾಗ.

2008ರ ಫೆಬ್ರವರಿ 13ರಂದು, ಕೈ ಬದಲಾಗಿ ಸರಿಯಾಗಿ ಆರು ವರ್ಷಕ್ಕೆ, ಹೆಸರು ಟಾಟಾ ಕಮ್ಯುನಿಕೇಷನ್ಸ್ ಆಯಿತು. 2012ರ ಹೊತ್ತಿಗೆ ಭೂಮಿಯನ್ನು ಪೂರ್ತಿ ಸುತ್ತುವ ಸ್ವಂತ ಕೇಬಲ್ ಜಾಲ ಇವರದಾಯಿತು. ಎಲ್ಲವೂ ಗೆಲುವಲ್ಲ. ದಕ್ಷಿಣ ಆಫ್ರಿಕದ ನಿಯೋಟೆಲ್ ಅನ್ನುವ ಫೋನ್ ಕಂಪನಿಗೆ ದುಡ್ಡು ಹಾಕಿ ಕೊನೆಗೆ ಮಾರಿ ಬಂದರು.

ಕೊನೆಗೆ ಜಮೀನು. ಹಳೆಯ ರೇಡಿಯೊ ಕೇಂದ್ರಗಳಿಗೆ ಅಂತ ಪುಣೆಯ ದಿಘಿ, ದೆಹಲಿ, ಚೆನ್ನೈ, ಕೋಲ್ಕತ್ತ ಹತ್ತಿರ ವಿಎಸ್‌ಎನ್‌ಎಲ್ ಬಳಿ ಸುಮಾರು 773 ಎಕರೆ ಹೆಚ್ಚುವರಿ ಜಾಗ ಇತ್ತು. 2002ರ ಒಪ್ಪಂದದಲ್ಲೇ ಈ ಜಮೀನನ್ನು ಬೇರೆ ಮಾಡಬೇಕು, ಕೊಂಡವರಿಗೆ ಆ 25%ರ ಮೇಲೆ ಜಮೀನಿನ ಲಾಭ ಸಿಗಬಾರದು ಅಂತ ಷರತ್ತು ಇತ್ತು. ಒಳ್ಳೆಯ ಷರತ್ತು. ಅದಕ್ಕಾಗಿ 2005ರಲ್ಲಿ ಹೆಮಿಸ್ಫಿಯರ್ ಪ್ರಾಪರ್ಟೀಸ್ ಅನ್ನುವ ಕಂಪನಿಯನ್ನೂ ಮಾಡಿದರು. ಆದರೆ ಜಮೀನು ನಿಜವಾಗಿ ಬೇರೆಯಾಗಿ, ಆ ಕಂಪನಿ ಷೇರುಪೇಟೆಗೆ ಬರುವ ಹೊತ್ತಿಗೆ 2020! ಸರ್ಕಾರದ 26% ಜೊತೆಗೆ ಟಾಟಾ ಬಿಟ್ಟುಕೊಟ್ಟ 25% ಸೇರಿ ಅದರಲ್ಲಿ ಸರ್ಕಾರಕ್ಕೀಗ 51% ಇದೆ. ಜಮೀನು ಉಳಿಯಿತು, ಅದಕ್ಕೆ ಸಂತೋಷ. ಆದರೆ ಹದಿನೆಂಟು ವರ್ಷ ಅಷ್ಟು ಎಕರೆ ಯಾರ ಉಪಯೋಗಕ್ಕೂ ಬರದೆ ಬಿದ್ದಿತ್ತಲ್ಲ, ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಜಮೀನಿನ ತಕರಾರು ಮುಗಿದ ಮೇಲೆಯೇ ಸರ್ಕಾರ ತನ್ನ ಉಳಿದ 26% ಮಾರಿದ್ದು, 2021ರ ಮಾರ್ಚ್‌ನಲ್ಲಿ. 16% ಪೇಟೆಯಲ್ಲಿ, ಕನಿಷ್ಠ ಬೆಲೆ ಷೇರಿಗೆ 1,161 ರೂಪಾಯಿ. ಉಳಿದ 10% ಟಾಟಾದ ಪ್ಯಾನಟೋನ್‌ಗೆ. 202ರಿಂದ 1,161 ಅಂದರೆ ದೊಡ್ಡ ಏರಿಕೆ ಥರ ಕಾಣುತ್ತದೆ. ಹತ್ತೊಂಬತ್ತು ವರ್ಷಕ್ಕೆ ಹಂಚಿ ನೋಡಿದರೆ ಲಾಭಾಂಶ ಬಿಟ್ಟು ವರ್ಷಕ್ಕೆ ಹತ್ತಿರ ಹತ್ತಿರ 9.6% ಚಕ್ರಬಡ್ಡಿ. ಅಂದರೆ 2002ರಲ್ಲಿ ಸರ್ಕಾರ ಚಿನ್ನವನ್ನು ಕಬ್ಬಿಣದ ಬೆಲೆಗೆ ಕೊಟ್ಟಿತು ಅನ್ನುವ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಖಾಸಗಿಗೆ ಕೊಟ್ಟಿದ್ದರಿಂದ ಪವಾಡವಾಯಿತು ಅನ್ನುವ ವಾದವೂ ನಿಲ್ಲುವುದಿಲ್ಲ.

ಬಿಎಸ್‌ಎನ್‌ಎಲ್ ಬಗ್ಗೆ ಚರ್ಚೆ ಮಾಡುವವರಲ್ಲಿ ನನ್ನದೊಂದೇ ಕೋರಿಕೆ. ಮಾರಬೇಕಾ ಬೇಡವಾ ಅಂತ ಕೇಳುವ ಮುಂಚೆ, ಮೊಬೈಲ್‌ನಲ್ಲಿ ಕೊನೆಗೆ ಎಷ್ಟು ಕಂಪನಿಗಳು ಉಳಿಯುತ್ತವೆ ಅಂತ ಕೇಳಿ. 2002ರಲ್ಲಿ ನಮ್ಮ ಅಮ್ಮಂದಿರಿಗೆ ಮಗನ ಜೊತೆ ಅರ್ಧ ಗಂಟೆ ಮಾತಾಡುವ ಅವಕಾಶ ಸಿಕ್ಕಿದ್ದು ಆ ಎರಡನೇ ಪ್ರಶ್ನೆಯಿಂದ.