ಬರುವಾಗ ಹಳೇ ಬ್ಯಾಟು ತರಲಾ ಅಂತ ಕೇಳುವವರಿಗೆ

ಬೆಂಗಳೂರಿನಿಂದ ನೈರೋಬಿಗೆ ಯಾರೇ ಹೊರಡಲಿ, ಟಿಕೆಟ್ ಆದ ಮೇಲೆ ನನಗೊಂದು ಫೋನ್ ಬಂದೇ ಬರುತ್ತದೆ. "ಅಕ್ಕಾ, ನೀವು ಹಳ್ಳಿ ಶಾಲೆಗೆ ಆಟದ ಸಾಮಾನು ಕೊಡ್ತೀರಂತಲ್ಲ? ನಮ್ಮ ಹುಡುಗನ ಹಳೇ ಬ್ಯಾಟು, ಶೂ ಎಲ್ಲ ಇದೆ. ತರಲಾ?"

ಬೇಡ. ಸೂಜಿ ತನ್ನಿ. ಚೆಂಡಿಗೆ ಗಾಳಿ ತುಂಬುವ ಸೂಜಿ, ಒಂದು ಡಜನ್.

ತಮಾಷೆ ಅಲ್ಲ. ನಾವು ಏಳೆಂಟು ಜನ ಸೇರಿ ಮಕುವೇನಿ ಕೌಂಟಿಯ ಒಂದು ಪ್ರೈಮರಿ ಶಾಲೆಗೆ ಹೋಗಿಬರುತ್ತೇವೆ. ಮೊಂಬಾಸಾ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಕೆಂಪು ಮಣ್ಣು, ಜಾಲಿ, ಒಣ ಗಾಳಿ. ಚಿತ್ರದುರ್ಗದ ಕಡೆಯವರಿಗೆ ಊರು ನೆನಪಾಗುತ್ತದೆ.

ಮೊದಲ ಸಲ 12 ಫುಟ್‌ಬಾಲ್ ಒಯ್ದಿದ್ದೆವು. ಬ್ಯಾಗಿನಲ್ಲಿ ಹಿಡಿಯಲಿ ಅಂತ ಗಾಳಿ ತೆಗೆದಿದ್ದೆವು. ಮಕ್ಕಳು ಸಾಲಾಗಿ ನಿಂತು ಹಾಡು ಹೇಳಿದರು. ನಮ್ಮ ಕೈಯಲ್ಲಿ ದೋಸೆಯಂಥ ಚೆಂಡುಗಳು. ಪಂಪು ಇತ್ತು, ಸೂಜಿ ಇರಲಿಲ್ಲ! ಬೋಡಾಬೋಡಾ, ಅಂದರೆ ಇಲ್ಲಿನ ಬಾಡಿಗೆ ಬೈಕಿನ ಹುಡುಗನೊಬ್ಬ ವೋಟೆ ಪೇಟೆಗೆ ಹೋಗಿ ಒಂದೇ ಒಂದು ಸೂಜಿ ತಂದ. ಅಷ್ಟರಲ್ಲಿ ಮಕ್ಕಳು ಮಧ್ಯಾಹ್ನದ ಗಿಥೇರಿ, ಅದೇ ಮೆಕ್ಕೆಜೋಳ, ಬೀನ್ಸ್ ಕಾಳು ಬೇಯಿಸಿದ್ದು, ತಿಂದು ಮುಗಿಸಿದ್ದರು. ಐದನೇ ಚೆಂಡಿಗೆ ಸೂಜಿ ಮುರಿಯಿತು. ಒದ್ದೆ ಮಾಡಿ ತೂರಿಸಬೇಕು ಅಂತ ಆಟದ ಮೇಷ್ಟ್ರು ಆಮೇಲೆ ಹೇಳಿದರು.

ಮುಂದಿನ ಟರ್ಮಿನಲ್ಲಿ ಹೋದರೆ ಮಕ್ಕಳು ಬಟ್ಟೆ ಚೆಂಡು ಒದೆಯುತ್ತಿದ್ದರು. ಮೊದಲೆಲ್ಲ ಜುವಾಲಾ, ಅಂದರೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿದು ಚೆಂಡು ಮಾಡುತ್ತಿದ್ದರು. 2017ರ ಆಗಸ್ಟ್‌ನಲ್ಲಿ ಕೀನ್ಯಾ ಆ ಚೀಲಗಳನ್ನೇ ನಿಷೇಧಿಸಿತು. ಒಳ್ಳೇದೇ. ಆದರೆ ಬಟ್ಟೆ ಚೆಂಡು ಮಳೆಯಲ್ಲಿ ನೆನೆದರೆ ಕಲ್ಲಿನ ಹಾಗೆ ಭಾರ.

ನಮ್ಮ ಚೆಂಡುಗಳೆಲ್ಲಿ? ಬೀರುವಿನಲ್ಲಿ. ಮಾರ್ಕರಿನಲ್ಲಿ ನಂಬರ್ ಬರೆದು, ಬೀಗ ಹಾಕಿ ಇಟ್ಟಿದ್ದರು. ನನಗೆ ಸಿಟ್ಟೇ ಬಂತು. ಹೆಡ್‌ಮಾಸ್ತರು ಮೆಲ್ಲಗೆ ಅಂದರು, "ಮುಳ್ಳು ಚುಚ್ಚಿದರೆ ಇನ್ನೊಂದು ಯಾರು ಕೊಡ್ತಾರೆ ಮೇಡಂ? ನೀವು ಮತ್ತೆ ಬರ್ತೀರಿ ಅಂತ ನನಗೇನು ಗೊತ್ತಿತ್ತು?"

ನಾನು ಸುಮ್ಮನಾದೆ.

ಈಗ ಹೊಸ ಚೆಂಡು ಬೇಕಾದರೆ ನೈರೋಬಿಯಲ್ಲೇ ಕೊಳ್ಳುತ್ತೇವೆ. ಅಲೈವ್ ಅಂಡ್ ಕಿಕಿಂಗ್ ಅನ್ನುವ ಸಂಸ್ಥೆ 2004ರಿಂದ ಇಲ್ಲೇ ಕೈಯಲ್ಲಿ ಚೆಂಡು ಹೊಲಿಸುತ್ತಿದೆ. ಹೊಲಿಯುವವರಿಗೂ ಕೆಲಸ ಸಿಗುತ್ತದೆ ಅಲ್ವಾ? ಶೂ ಬೇಕಿದ್ದರೆ ಗಿಕೊಂಬಾ ಸಂತೆಯಲ್ಲಿ ಮಿತುಂಬಾ, ಅಂದರೆ ಹಳೇ ಮಾಲು, ರಾಶಿ ಬಿದ್ದಿರುತ್ತದೆ. ಅಳತೆ ನೋಡಿ ಆರಿಸಬಹುದು. ನಿಮ್ಮ ಹುಡುಗನ ಒಂದು ಜೊತೆ ಮೊಳೆ ಶೂ ಯಾರಿಗೆ ಕೊಡಲಿ? ಬರಿಗಾಲಿನ ಮಕ್ಕಳ ನಡುವೆ ಒಬ್ಬ ಅದನ್ನು ಹಾಕಿಕೊಂಡರೆ ಅವನೆದುರು ನಿಲ್ಲುವವರ ಗತಿ?

ಇನ್ನು ಬ್ಯಾಟು. ಒಂದು ಕೊಟ್ಟಿದ್ದೆವು. ಒಂದನೇ ಕ್ಲಾಸಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಆನಿಸಿಟ್ಟಿದ್ದಾರೆ.

ನಾವು ಮಾಡಿದ ದೊಡ್ಡ ತಪ್ಪು ಬೇರೆ. ಹುಡುಗಿಯರನ್ನು ಕೇಳಿಯೇ ಇರಲಿಲ್ಲ. ಫುಟ್‌ಬಾಲ್ ಬಂದ ದಿನದಿಂದ ಮೈದಾನ ಪೂರ್ತಿ ಹುಡುಗರದ್ದು. ಕೇಳಿದಾಗ ಅವರು ಹೇಳಿದ್ದು ವಾಲಿಬಾಲ್. ಕೇಳದೇ ಏನು, ಇವರ ದೇಶದ ಹೆಂಗಸರ ತಂಡ ಮಲ್ಕಿಯಾ ಸ್ಟ್ರೈಕರ್ಸ್ ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್ ಆಡಿದೆ. ಚೆಂಡು ನಾವು ತಂದೆವು. ನೆಟ್ ಊರಿನ ಹೆಂಗಸರೇ ಕಟ್ಟಿದರು. ಕತ್ತಾಳೆ ನಾರಿನಲ್ಲಿ ಕಿಯೊಂಡೊ ಬುಟ್ಟಿ ಹೆಣೆಯುವ ಕೈಗಳು ಅವು. ಮರದ ಕೆಳಗೆ ಕೂತು, ತೊಡೆಯ ಮೇಲೆ ನಾರು ಹೊಸೆಯುತ್ತಾ, ಮಾತಾಡುತ್ತಾ, ಗಂಟಿನ ಮೇಲೆ ಗಂಟು ಹಾಕಿದರು. ಅಂಗಡಿ ನೆಟ್ಟಿಗಿಂತ ಗಟ್ಟಿ.

ಕಳೆದ ಸಲ ಹೋದಾಗ ಬೀರುವಿನ ಬೀಗದ ಕೈ ಆರನೇ ಕ್ಲಾಸಿನ ಹುಡುಗಿಯ ಕೊರಳಲ್ಲಿ ನೇತಾಡುತ್ತಿತ್ತು. ಸಂಜೆ ಆಟ ಮುಗಿದ ಮೇಲೆ ಚೆಂಡು ಎಣಿಸಿ ಒಳಗಿಡುವುದು ಅವಳ ಕೆಲಸ. ಪುಸ್ತಕ ತೆರೆದು ನನಗೆ ಲೆಕ್ಕ ಒಪ್ಪಿಸಿದಳು. ಹನ್ನೆರಡು ಫುಟ್‌ಬಾಲಿನಲ್ಲಿ ಏಳು ಉಳಿದಿವೆ. ವಾಲಿಬಾಲ್ ಎರಡೂ ಚೆನ್ನಾಗಿವೆ. ಸೂಜಿ ಖಾಲಿ.