ಒಂದು, ಎರಡು, ಮೂರು

ಕೆಲವು ವರ್ಷಗಳ ಹಿಂದೆ ವಲಸೆಯ ಕುರಿತ ಸಂಶೋಧನಾ ಯೋಜನೆಯೊಂದರಲ್ಲಿ ಸಹಾಯಕನಾಗಿದ್ದಾಗ, ಫೆಬ್ರವರಿಯ ಒಂದು ದಿನ ಸಿಂಧನೂರು ತಾಲ್ಲೂಕಿನಲ್ಲಿ ಮನೆಮನೆ ತಿರುಗಿದ್ದೆ. ಪ್ರಶ್ನಾವಳಿಯ ನಾಲ್ಕನೆಯ ಕಾಲಂನಲ್ಲಿ ಸ್ಥಳೀಯರಾದರೆ ಒಂದು, ವಲಸಿಗರಾದರೆ ಎರಡು, ನಿರಾಶ್ರಿತರಾದರೆ ಮೂರು ಎಂದು ಬರೆಯಬೇಕಿತ್ತು. ತರಬೇತಿಯ ದಿನ ನನಗೆ ಅತ್ಯಂತ ಸುಲಭವೆನಿಸಿದ್ದ ಕಾಲಂ ಅದು.

ಮೊದಲು ಹೋದದ್ದು ಆರ್.ಎಚ್. ಕ್ಯಾಂಪಿಗೆ, ಅಂದರೆ ರಿಹ್ಯಾಬಿಲಿಟೇಶನ್ ಕ್ಯಾಂಪಿಗೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಪುನರ್ವಸತಿ ಶಿಬಿರಗಳಿವು. ಜಗಲಿಯ ಮೇಲೆ ಕುಳಿತಿದ್ದ ಹಿರಿಯರು, 1964ರಲ್ಲಿ ಹುಡುಗನಾಗಿದ್ದಾಗ ತಂದೆಯ ಕೈಹಿಡಿದು ಗಡಿ ದಾಟಿದ್ದನ್ನೂ, ರಾಯಪುರದ ಬಳಿಯ ಮಾನಾ ಶಿಬಿರದಲ್ಲಿ ವರ್ಷಗಳನ್ನು ಕಳೆದು ಇಲ್ಲಿಗೆ ಬಂದದ್ದನ್ನೂ ಹೇಳಿದರು. ನಾನು ನಿಸ್ಸಂಕೋಚವಾಗಿ ಮೂರು ಎಂದು ಬರೆದೆ. ಊರು ಬಿಟ್ಟದ್ದೇಕೆ ಎಂದು ಕೇಳಿದಾಗ ಮಾತ್ರ ಪೆನ್ನು ನಿಂತಿತು. ಮೊದಲು ಹೊಲ ಹೋಯಿತು, ಆಮೇಲೆ ಧೈರ್ಯ ಹೋಯಿತು ಎಂದರು ಅವರು. 1951ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರು ನಿರಾಶ್ರಿತರು. ಆದರೆ ಹೊಲದ ನಷ್ಟವನ್ನೂ ಧೈರ್ಯದ ನಷ್ಟವನ್ನೂ ಬೇರ್ಪಡಿಸಿ ತೂಗುವ ತಕ್ಕಡಿ ನನ್ನ ಚೀಲದಲ್ಲಿರಲಿಲ್ಲ. ಅಷ್ಟಕ್ಕೂ ಭಾರತ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರು ಯಾರೆಂದು ಹೇಳುವ ಪ್ರತ್ಯೇಕ ಕಾನೂನೂ ಇಲ್ಲಿಲ್ಲ. ನಾನು ಬರೆದ ಮೂರಕ್ಕೆ ಕ್ಯಾಂಪಿನ ಹೆಸರೊಂದೇ ಆಧಾರವಾಗಿತ್ತು.

ಅವರ ಮಗ ಹುಟ್ಟಿದ್ದು 1980ರಲ್ಲಿ, ಇದೇ ಕ್ಯಾಂಪಿನಲ್ಲಿ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವನಾದ್ದರಿಂದ ಕಾನೂನಿನ ಕಣ್ಣಿನಲ್ಲಿ ಆತ ಹುಟ್ಟಿನಿಂದಲೇ ಭಾರತೀಯ ನಾಗರಿಕ. ಸುತ್ತಲಿನ ಊರಿನವರಿಗೆ ಮಾತ್ರ ಇನ್ನೂ ‘ಬಂಗಾಲಿ ಕ್ಯಾಂಪಿನವ’. ಸೊಸೆ ಒಡಿಶಾದ ಮಲ್ಕಾನ್‌ಗಿರಿಯ ಇಂಥದೇ ವಸತಿಯಿಂದ ಮದುವೆಯಾಗಿ ಬಂದವಳು. ಹಿಂದಿನ ವಾಸಸ್ಥಳ ಬೇರೆಯಾಗಿದ್ದರೆ ಜನಗಣತಿ ಅಂಥವರನ್ನು ವಲಸಿಗರೆಂದೇ ಎಣಿಸುತ್ತದೆ. 2011ರಲ್ಲಿ ಹಾಗೆ ಎಣಿಸಲಾದ ಸುಮಾರು 45 ಕೋಟಿ ಜನರಲ್ಲಿ ಬಹುಪಾಲು ಹೆಂಗಸರಿದ್ದುದು ಮದುವೆಯ ಕಾರಣದಿಂದ. ಹೀಗೆ ಮಾವ ಮೂರು, ಸೊಸೆ ಎರಡು, ಮಗ ಒಂದು. ನನ್ನ ಗೊಂದಲ ಕೇಳಿದ ಹಿರಿಯರು ನಕ್ಕು, “ಒಂದ ಒಲಿಯ ಅನ್ನ ಉಣ್ಣೋರಿಗೆ ಮೂರು ನಂಬರ್ ಬರೀತೀರೇನ್ರಿ ಸರ?” ಎಂದರು. ಪ್ರಶ್ನಾವಳಿಯಲ್ಲಿ ಕುಟುಂಬಕ್ಕೆ ಇದ್ದದ್ದು ಒಂದೇ ಚೌಕ.

ಮಧ್ಯಾಹ್ನ ಹೋದದ್ದೂ ಕ್ಯಾಂಪಿಗೇ, ಆದರೆ ಅದು ಬೇರೆಯ ಬಗೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಂಬಾಲಿಸಿ ಕರಾವಳಿ ಆಂಧ್ರದಿಂದ ಬಂದ ರೈತರು ಹೊಲ ಕೊಂಡು ಕಟ್ಟಿಕೊಂಡ ವಸತಿಗಳನ್ನೂ ಇಲ್ಲಿ ಕ್ಯಾಂಪ್ ಎಂದೇ ಕರೆಯುತ್ತಾರೆ. ಭತ್ತದ ಗದ್ದೆಯ ಒಡೆಯರೊಬ್ಬರ ತಂದೆ ಗುಂಟೂರು ಕಡೆಯಿಂದ ಬಂದದ್ದು 1956ಕ್ಕೂ ಮೊದಲು, ಸಿಂಧನೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ. ಅವರು ಬಂದ ಮೇಲೆ ರಾಜ್ಯವೇ ಬದಲಾಯಿತು. ವಲಸಿಗರೆಂದು ಬರೆಯಲೇ ಎಂದು ಕೇಳಿದ್ದಕ್ಕೆ ಆ ರೈತರು ತುಸು ಮುನಿಸಿನಿಂದಲೇ, ತಾವು ದುಡ್ಡು ಕೊಟ್ಟು ಭೂಮಿ ಕೊಂಡವರು ಎಂದರು. ಆ ಪದ ತಾಗುವುದು ಬಡವರಿಗೆ ಮಾತ್ರ ಎಂಬ ತಿಳಿವಳಿಕೆ ಅವರೊಬ್ಬರದೇ ಅಲ್ಲ. ನನ್ನಲ್ಲೂ ಇತ್ತು, ಇಲ್ಲದಿದ್ದರೆ ಕೇಳುವಾಗ ನಾಲಗೆ ಅಷ್ಟು ತಡವರಿಸುತ್ತಿರಲಿಲ್ಲ.

ಸಂಜೆ ಪಕ್ಕದ ಹಳ್ಳಿಯ ಕೇರಿಯಲ್ಲಿ, ನನ್ನ ಪಟ್ಟಿಯಲ್ಲಿದ್ದ ಮನೆಗೆ ಬೀಗ ಬಿದ್ದಿತ್ತು. ನೆರೆಯ ಹೆಂಗಸು, “ಗುಳೆ ಹೋಗ್ಯಾರ್ರಿ, ಬೆಂಗಳೂರಿಗೆ. ಉಗಾದಿಗೆ ಬರ್ತಾರ” ಎಂದಳು. ಒಂದು ತಿಂಗಳಿಗೆ ಕಡಿಮೆಯಿಲ್ಲದೆ, ಆರು ತಿಂಗಳೊಳಗೆ ದುಡಿಯಲು ಹೋದವರನ್ನು ಅಲ್ಪಾವಧಿ ವಲಸಿಗರೆಂದು 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಗುರುತಿಸಿತ್ತು. ಆದರೆ ಮಕ್ಕಳು ಮರಿಗಳೊಂದಿಗೆ ಇಡೀ ಮನೆಯೇ ಹೊರಟರೆ ಅಂಥ ಪ್ರಶ್ನೆಗೆ ಉತ್ತರಿಸಲು ಹಿಂದೆ ಯಾರೂ ಉಳಿದಿರುವುದಿಲ್ಲ. ಇಡೀ ದಿನದಲ್ಲಿ ವಲಸೆಯೆಂದು ಯಾರೂ ತಕರಾರಿಲ್ಲದೆ ಒಪ್ಪುವಂಥ ಮನೆ ಅದೊಂದೇ ಆಗಿತ್ತು. ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳಬೇಕೆಂಬುದು ನಮಗಿದ್ದ ನಿಯಮ. ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಗುಳೆ’ ಎಂದು ಬರೆದು, ಆ ಹೆಂಗಸಿನ ಮನೆಯ ಚೌಕದಲ್ಲಿ ಒಂದು ಎಂದು ತುಂಬಿದೆ.