ಕಾಫಿ ಕಣದಲ್ಲಿ ಅಳೆದ ಬೈಕು

ಕೊಡಗಿನಲ್ಲಿ ದೊಡ್ಡ ಬೈಕ್ ಇಟ್ಟುಕೊಂಡವರ ಮೊದಲ ತೊಂದರೆ ರಸ್ತೆಯಲ್ಲ, ಸರ್ವಿಸ್‌ಗೆ ಹೋಗಬೇಕಾದ ದೂರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ 140ರ ಹತ್ತಿರ, ಬೆಂಗಳೂರಿಗೆ 260. ಸಣ್ಣ ಬೈಕಾದರೆ ಸುಂಟಿಕೊಪ್ಪದಲ್ಲೋ ಕುಶಾಲನಗರದಲ್ಲೋ ಮೆಕ್ಯಾನಿಕ್ ಹತ್ತಿರ ಬಿಟ್ಟು, ಸಂತೆ ಮುಗಿಸಿಕೊಂಡು ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ನನ್ನದು ಹಾಗಲ್ಲ. ಆಯಿಲ್ ಫಿಲ್ಟರ್ ಬೇಕೆಂದರೂ ನಗರದ ಡೀಲರ್‌ಗೆ ಫೋನ್ ಮಾಡಬೇಕು. ಸರ್ವಿಸ್ ಅಂದರೆ ಬೆಳಗಿನ ಜಾವ ಹೊರಟು ರಾತ್ರಿ ಮನೆ ಸೇರುವ ಮಾತು.

ಬೈಕು ಕವಾಸಾಕಿ ನಿಂಜಾ 1000, 2014ರ ನಂತರದ ಮಾದರಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. 1043 ಸಿಸಿ, ನಾಲ್ಕು ಸಿಲಿಂಡರ್, 19 ಲೀಟರ್ ಟ್ಯಾಂಕ್. ಹೆಸರು ಕೇಳಿದವರು ರೇಸ್ ಬೈಕ್ ಅಂದುಕೊಳ್ಳುತ್ತಾರೆ. ಅದಲ್ಲ. ಹ್ಯಾಂಡಲ್ ಎತ್ತರದಲ್ಲಿದೆ, ಬೆನ್ನು ಬಗ್ಗಿಸಿ ಮಲಗಬೇಕಾಗಿಲ್ಲ. ಮುಂದಿನ ಗಾಜನ್ನು ಮೂರು ಹಂತದಲ್ಲಿ ಮೇಲೆ ಕೆಳಗೆ ಮಾಡಬಹುದು. ಎರಡೂ ಬದಿಗೆ ಪೆಟ್ಟಿಗೆ ಹಾಕಿ, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ದಿನವಿಡೀ ಓಡಿಸಬಹುದು. ಸ್ಪೋರ್ಟ್ ಟೂರಿಂಗ್ ಅಂದರೆ ಇದೇ. ತಿರುವಿನಲ್ಲಿ ಚುರುಕು ಇರಬೇಕು, ಇಳಿದ ಮೇಲೆ ಸೊಂಟವೂ ಸರಿಯಾಗಿರಬೇಕು. ನನಗೆ ಇದರ ಮೇಲೆ ಇರುವ ಪ್ರೀತಿ ಸಣ್ಣದಲ್ಲ.

ಒಂದು ವಿಷಯ ಮಾತ್ರ ಕಾಡುತ್ತಿತ್ತು. ಇಬ್ಬರು ಕೂತಾಗ ಹಿಂಭಾಗ ಕುಗ್ಗುತ್ತಿತ್ತು. ಮೇಕೇರಿಯ ತಿರುವುಗಳಲ್ಲಿ ಬೈಕು ನಾನು ಹೇಳಿದ ಕಡೆ ಹೋಗದೆ ರಸ್ತೆಯ ಹೊರ ಅಂಚಿಗೆ ಎಳೆಯುತ್ತಿತ್ತು. ಹಂಪ್ ದಾಟಿದ ಮೇಲೆ ಎರಡು ಸಲ ಕುಣಿದು ನಿಲ್ಲುತ್ತಿತ್ತು. ರಾತ್ರಿ ಡಿಮ್‌ನಲ್ಲೇ ಓಡಿಸಿದರೂ ಎದುರಿನವರು ಲೈಟ್ ಹೊಡೆದು ಬೈಯುತ್ತಿದ್ದರು. ಹಿಂದೆ ಕುಗ್ಗಿದರೆ ಮುಂದಿನ ಬೆಳಕು ಮೇಲೆ ಏಳುತ್ತದೆ, ಅಷ್ಟೇ. ಮಂಜು ಕವಿದ ರಾತ್ರಿ ಬೆಳಕು ಮೇಲೆ ಹೋದರೆ ಕಣ್ಣೆದುರು ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಸರ್ವಿಸ್ ಮಾಡಿಸಲು ಹೋದೆ. ಡೀಲರ್ ಹೆಸರು, ಊರು ಎರಡೂ ಇಲ್ಲಿ ಬೇಡ. ಹೋಗುವ ಮೊದಲೇ ಏನೇನು ಆಗಬೇಕು ಅಂತ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೆ. ಆಯಿಲ್, ಫಿಲ್ಟರ್, ಬ್ರೇಕ್ ಆಯಿಲ್ ಬದಲಾವಣೆ, ಹಿಂದಿನ ಟಯರ್, ಮತ್ತು ಹಿಂದಿನ ಸಸ್ಪೆನ್ಷನ್, ಅಂದರೆ ಭಾರ ಮತ್ತು ಕುಲುಕಾಟ ತಡೆಯುವ ಸ್ಪ್ರಿಂಗ್ ಮತ್ತು ಶಾಕ್, ಅಳೆದು ನನ್ನ ತೂಕಕ್ಕೆ ಹೊಂದಿಸುವುದು. ಬಾಯಲ್ಲಿ ಹೇಳಿದ್ದು ಕೌಂಟರ್ ದಾಟುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಬರೆದು ಕೊಟ್ಟಿದ್ದು ಉಳಿಯುತ್ತದೆ.

ಸರ್ವಿಸ್ ಅಡ್ವೈಸರ್ ಬೈಕಿನ ಹಿಂದಿನ ಸೀಟನ್ನು ಒಂದು ಸಲ ಕೈಯಿಂದ ಒತ್ತಿ ನೋಡಿದರು. "ಸ್ಪ್ರಿಂಗ್ ಕೂತುಬಿಟ್ಟಿದೆ ಸಾರ್. ಶಾಕ್ ಪೂರ್ತಿ ಚೇಂಜ್ ಮಾಡ್ಬೇಕು" ಅಂದರು. ಹೊರಗಿನ ಕಂಪನಿಯ ಶಾಕ್‌ಗೆ ಒಂದು ಎಸ್ಟಿಮೇಟ್ ಕೂಡ ಕೊಟ್ಟರು. ಅದನ್ನು ನೋಡಿ ನಾನು ಕೇಳಿದೆ, "ಅಳತೆ ಮಾಡಿದ್ರಾ?"

"ಅದೆಲ್ಲಾ ಬೇಕಾಗಲ್ಲ ಸಾರ್. ನಮಗೆ ನೋಡಿದ್ರೆ ಗೊತ್ತಾಗುತ್ತೆ."

"ಅಳೆಯದೆ ಶಾಕ್ ಬದಲಾಯಿಸೋದು ಬೇಡ" ಅಂದೆ. ಅವರು ವಿಷಯ ಬದಲಿಸಿ ಎಕ್ಸಾಸ್ಟ್ ಕಡೆ ತಿರುಗಿದರು. ಇದಕ್ಕೆ ಹೊಸ ಸೈಲೆನ್ಸರ್ ಹಾಕಿಸಿದರೆ ಒಳ್ಳೆ ಸೌಂಡ್ ಬರುತ್ತೆ, ಎಲ್ಲರೂ ಹಾಕಿಸ್ತಾರೆ ಅಂತ. ನನಗೆ ಬೇಡ. ಕಂಪನಿ ಕೊಟ್ಟ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಅನ್ನುವುದು ಒಂದು ಮಾತು. ಅದಕ್ಕಿಂತ ಮುಖ್ಯ, ನಮ್ಮ ದಾರಿಯಲ್ಲಿ ಶಾಲೆ ಇದೆ, ವಯಸ್ಸಾದವರು ಇದ್ದಾರೆ. ಸಿದ್ದಾಪುರದ ಕಡೆಯ ತೋಟದ ರಸ್ತೆಗಳಲ್ಲಿ ಮುಸ್ಸಂಜೆ ಯಾವ ತಿರುವಿನಲ್ಲಿ ಆನೆ ನಿಂತಿರುತ್ತದೋ ಗೊತ್ತಿಲ್ಲ. ಅಲ್ಲಿ ಸದ್ದು ಮಾಡಿಕೊಂಡು ಓಡಿಸುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಟಯರ್ ವಿಷಯಕ್ಕೆ ಬಂದಾಗ ಒಳಗಿಂದ ಒಂದನ್ನು ಉರುಳಿಸಿಕೊಂಡು ಬಂದರು. ಪಕ್ಕದ ಗೋಡೆಯಲ್ಲಿ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾಗಿದೆ ಅಂತ. ಟಯರ್ ಕೊಳ್ಳುವವರು ಬೆಲೆಗಿಂತ ಮೊದಲು ನೋಡಬೇಕಾದ್ದು ಇದನ್ನೇ. ಅವರು ತಂದಿದ್ದಕ್ಕೆ ಆಗಲೇ ನಾಲ್ಕು ವರ್ಷ ತುಂಬಿತ್ತು. "ಗೋಡೌನ್‌ನಲ್ಲೇ ಇತ್ತು ಸಾರ್, ಹೊಸದೇ" ಅಂದರು. ಓಡದೆ ಇಟ್ಟರೂ ರಬ್ಬರ್ ಗಟ್ಟಿಯಾಗುತ್ತಾ ಹೋಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಡಿಕೇರಿ ಮಳೆಯಲ್ಲಿ ಅಂಥ ಟಯರ್ ನಂಬಿ ಹೆಂಡತಿಯನ್ನು ಹಿಂದೆ ಕೂರಿಸಿಕೊಳ್ಳಲು ನಾನು ತಯಾರಿರಲಿಲ್ಲ. ವಾಪಸ್ ಕಳಿಸಿದೆ. ಬೇರೆ ಹೊಸ ಟಯರನ್ನು ಆಮೇಲೆ ಮೈಸೂರಿನ ಒಂದು ಟಯರ್ ಅಂಗಡಿಯಲ್ಲಿ ಹಾಕಿಸಿಕೊಂಡೆ.

ಸಂಜೆ ಬಿಲ್ ಬಂತು. "ಬ್ರೇಕ್ ಫ್ಲೂಯಿಡ್, ಮುಂದೆ ಮತ್ತು ಹಿಂದೆ, ಬದಲಾಯಿಸಿದೆ" ಅಂತ ಬರೆದಿತ್ತು. ಹಣವೂ ಸೇರಿತ್ತು. ನಾನು ಸಹಿ ಹಾಕುವ ಮೊದಲು ಬೈಕಿನ ಹತ್ತಿರ ಹೋಗಿ ಹ್ಯಾಂಡಲ್ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿ ನೋಡಿದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತೆಳು ಹಳದಿ ಇರುತ್ತದೆ, ಹೆಚ್ಚು ಕಮ್ಮಿ ನೀರಿನ ಹಾಗೆ ಕಾಣುತ್ತದೆ. ಡಬ್ಬಿಯಲ್ಲಿದ್ದದ್ದು ಬೆಲ್ಲದ ಕಾಫಿಯ ಬಣ್ಣ. ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಹಿಂದಿನದೂ ಅಷ್ಟೇ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ. ತೇವ ಸೇರಿದಷ್ಟೂ ಅದು ಕುದಿಯುವ ಬಿಸಿ ಕಮ್ಮಿಯಾಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಭಾರದ ಬೈಕಿಗೆ ಪದೇ ಪದೇ ಬ್ರೇಕ್ ಹಿಡಿದರೆ ಒಳಗೆ ಕುದಿದು ಗುಳ್ಳೆ ಏಳಬಹುದು. ಆಗ ಲಿವರ್ ಒತ್ತಿದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಅನ್ನುವುದು ಸುಮ್ನೆ ಬರೆದ ಮಾತಲ್ಲ. ಆರು ತಿಂಗಳು ಒಣಗದ ನಮ್ಮ ಊರಿನವರಿಗೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ.

ಕೌಂಟರ್‌ಗೆ ವಾಪಸ್ ಬಂದು ಮ್ಯಾನೇಜರ್‌ರನ್ನು ಕೇಳಿದೆ. ಬೆಳಿಗ್ಗೆ ತೆಗೆದ ಫೋಟೋ ಮೊಬೈಲಿನಲ್ಲಿತ್ತು, ಅದನ್ನೂ ತೋರಿಸಿದೆ. ಅವರು ಮೊದಲು "ಬಿಸಿಲಿಗೆ ಹಾಗೆ ಕಾಣುತ್ತೆ" ಅಂದರು. ನಾನು ದನಿ ಏರಿಸಲಿಲ್ಲ. "ಬಿಲ್‌ನಲ್ಲಿ ಬರೆದಿದ್ದೀರಿ, ಕೆಲಸ ಆಗಿಲ್ಲ. ಕೆಲಸ ಮಾಡಿ, ಇಲ್ಲಾ ಬಿಲ್‌ನಿಂದ ತೆಗೀರಿ. ಯಾವುದೂ ಆಗಲ್ಲ ಅಂದ್ರೆ ಅದನ್ನೇ ಜಾಬ್ ಕಾರ್ಡಿನಲ್ಲಿ ಬರೆದು ಕೊಡಿ" ಅಂದೆ. ದೂರ ಬಂದಿದ್ದೀನಿ, ಮತ್ತೆ ಬರೋದು ಕಷ್ಟ, ಹಾಗಾಗಿ ಸಹಿ ಹಾಕಿ ಹೋಗ್ತೀನಿ ಅಂತ ಅವರು ಲೆಕ್ಕ ಹಾಕಿದ್ದರು ಅನ್ನಿಸುತ್ತದೆ. ದೂರದ ಗಿರಾಕಿಗೆ ಇದು ಆಗಾಗ ಆಗುವ ಅನುಭವ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರು ಕೊಡಲು ಡೀಲರ್ ಇರುವ ಊರಿಗೇ ಹೋಗಬೇಕಾಗಿಲ್ಲ, ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಅದನ್ನೂ ಹೇಳಿದೆ. ಬೆದರಿಕೆಗಲ್ಲ, ಗೊತ್ತಿರಲಿ ಅಂತ.

ಬೈಕ್ ಮತ್ತೆ ಒಳಗೆ ಹೋಯಿತು. ಈ ಸಲ ನಾನೂ ಪಕ್ಕದಲ್ಲಿ ನಿಂತೆ. ಕೆಲಸಕ್ಕೆ ಬಂದ ಹುಡುಗ ತುಂಬಾ ಚೆನ್ನಾಗಿ ಮಾಡಿದ. ಚಕ್ರದ ಹತ್ತಿರ ಬ್ರೇಕ್ ಹಿಡಿಯುವ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಬಿಡುವ ಸಣ್ಣ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ತುದಿಯನ್ನು ಬಾಟಲಿಯಲ್ಲಿಟ್ಟ. ಲಿವರ್ ಒತ್ತಿ ಹಿಡಿಯುವುದು, ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡುವುದು, ಆಮೇಲೆ ಲಿವರ್ ಬಿಡುವುದು. ಪೈಪಿನಲ್ಲಿ ಕಂದು ಆಯಿಲ್ ಇಳಿದು ಬಂತು, ನಡುವೆ ಸಣ್ಣ ಗುಳ್ಳೆಗಳು. ಸ್ವಲ್ಪ ಹೊತ್ತಿಗೆ ಬಣ್ಣ ತಿಳಿಯಾಗುತ್ತಾ ಬಂತು. ಮೇಲಿನ ಡಬ್ಬಿ ಖಾಲಿಯಾಗಲು ಬಿಡದೆ ತುಂಬಿಸುತ್ತಿದ್ದ. ಮುಗಿದ ಮೇಲೆ ಲಿವರ್ ಹಿಡಿದರೆ ಕಲ್ಲಿನಷ್ಟು ಗಟ್ಟಿ. ಅವನಿಗೆ ಕೆಲಸ ಗೊತ್ತಿತ್ತು, ಬೆಳಿಗ್ಗೆ ಯಾರೂ ಅವನಿಗೆ ಆ ಸಮಯ ಕೊಟ್ಟಿರಲಿಲ್ಲ. ಡೀಲರ್ ಅಂದರೆ ಒಬ್ಬ ಮನುಷ್ಯ ಅಲ್ಲ ಅಲ್ವಾ. ಕೌಂಟರ್‌ನಲ್ಲಿ ಟಾರ್ಗೆಟ್ ಇರುವವರು ಬೇರೆ, ಸ್ಪ್ಯಾನರ್ ಹಿಡಿಯುವವರು ಬೇರೆ. ಬದಲಾಯಿಸಿದ ಹಳೇ ಫಿಲ್ಟರ್‌ಗಳನ್ನು ಕೇಳಿ ತಗೊಂಡು, ಕುಶಾಲನಗರ ದಾಟುವಾಗ ರಾತ್ರಿಯಾಗಿತ್ತು.

ಸಸ್ಪೆನ್ಷನ್ ಅಳತೆಯನ್ನು ಮನೆಯಲ್ಲೇ ಮಾಡುವುದು ಅಂತ ತೀರ್ಮಾನ ಮಾಡಿದೆ. ಇದಕ್ಕೆ ಬೇಕಾಗುವುದು ಸಮತಟ್ಟಾದ ಗಟ್ಟಿ ನೆಲ, ಒಂದು ಟೇಪು, ಇಬ್ಬರು ಸಹಾಯಕ್ಕೆ. ಕೊಡಗಿನಲ್ಲಿ ಸಮತಟ್ಟಾದ ನೆಲ ಎಲ್ಲಿದೆ? ನಮ್ಮ ಕಾಫಿ ಕಣ! ರೊಬಸ್ಟಾ ಒಣಗಿಸಿ ಮುಗಿದಿತ್ತು, ಸಿಮೆಂಟಿನ ಕಣ ಖಾಲಿ ಇತ್ತು. ಗುಡಿಸಿ ಬೈಕ್ ತಂದು ನಿಲ್ಲಿಸಿದೆವು. ತಮ್ಮ ಟೇಪ್ ಹಿಡಿದ, ಹೆಂಡತಿ ಪುಸ್ತಕ ಹಿಡಿದಳು.

ನಾನು ಕೂತಾಗ ಹಿಂಭಾಗ ಎಷ್ಟು ಇಳಿಯುತ್ತದೆ ಅಂತ ತಿಳಿಯಲು ಎರಡು ಅಳತೆ ಬೇಕು. ಮೊದಲ ಅಳತೆ ಹಿಂದಿನ ಚಕ್ರ ನೆಲ ಬಿಟ್ಟಾಗ. ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ಯಾಡಾಕ್ ಸ್ಟ್ಯಾಂಡ್ ಹಾಕಿದರೆ ಚಕ್ರ ಮೇಲೇಳುತ್ತದೆ, ಆದರೆ ಆ ಸ್ಟ್ಯಾಂಡ್ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮನ್ನು ಹಿಡಿದು ಎತ್ತುವುದರಿಂದ ಬೈಕಿನ ಭಾರ ಸ್ಪ್ರಿಂಗ್ ಮೇಲೇ ಇರುತ್ತದೆ. ಆ ಅಳತೆ ಉಪಯೋಗಕ್ಕಿಲ್ಲ. ಬೈಕನ್ನು ಸೈಡ್ ಸ್ಟ್ಯಾಂಡಿನ ಕಡೆಗೆ ಬಲವಾಗಿ ವಾಲಿಸಿ ಹಿಂದಿನ ಚಕ್ರ ಎತ್ತಬೇಕು. ಆಕ್ಸಲ್ ನಡುವಿನಿಂದ ನೇರ ಮೇಲೆ, ಸೀಟಿನ ಕೆಳಗಿನ ಪ್ಯಾನೆಲ್‌ಗೆ ಅಂಟಿಸಿದ ಟೇಪ್ ಚೂರಿನವರೆಗೆ ಅಳೆದೆವು. ಆಮೇಲೆ ನಾನು ಜಾಕೆಟ್, ಬೂಟು, ಹೆಲ್ಮೆಟ್ ಎಲ್ಲಾ ಹಾಕಿಕೊಂಡು ಕೂತೆ. ತಮ್ಮ ಮತ್ತೆ ಅಳೆದ.

"ಅಣ್ಣ, 48 ಮಿಲಿಮೀಟರ್ ಇಳಿದಿದೆ."

ಒಬ್ಬನೇ ಕೂತಾಗಲೇ 48. ಇಂಥ ಬೈಕಿಗೆ ಸಾಮಾನ್ಯವಾಗಿ 30ರಿಂದ 40ರ ನಡುವೆ ಇದ್ದರೆ ಸರಿ ಅನ್ನುತ್ತಾರೆ. ಈ ಬೈಕಿನಲ್ಲಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಲು ಕೈಯಲ್ಲೇ ತಿರುಗಿಸುವ ಗುಂಡಿ ಇದೆ, ಸ್ಪ್ಯಾನರ್ ಕೂಡ ಬೇಡ. ಸ್ವಲ್ಪ ಸ್ವಲ್ಪ ತಿರುಗಿಸಿ, ಹಿಂಭಾಗವನ್ನು ಒತ್ತಿ ಬಿಟ್ಟು, ಮತ್ತೆ ಕೂತು, ಮತ್ತೆ ಅಳೆದು 36ಕ್ಕೆ ತಂದೆವು. ಆಮೇಲೆ ಹೆಂಡತಿಯೂ ಹತ್ತಿದಳು, ಪೆಟ್ಟಿಗೆಗಳಿಗೆ ಬಟ್ಟೆ ತುಂಬಿಸಿದೆವು. ಇಬ್ಬರ ಭಾರಕ್ಕೆ ಗುಂಡಿಯನ್ನು ಹೆಚ್ಚು ಕಮ್ಮಿ ಕೊನೆಯವರೆಗೆ ತಿರುಗಿಸಬೇಕಾಯಿತು, ಆದರೆ 40ರ ಒಳಗೆ ಬಂತು. ಸ್ಪ್ರಿಂಗ್ ಕೂತಿರಲಿಲ್ಲ. ಹಿಂದಿನ ಮಾಲೀಕ ತೆಳ್ಳಗಿದ್ದ, ಒಬ್ಬನೇ ಓಡಿಸುತ್ತಿದ್ದ. ಅವನಿಗೆ ಹೊಂದಿಸಿದ ಬೈಕನ್ನು ನನಗೆ ಹೊಂದಿಸಬೇಕಿತ್ತು, ಅಷ್ಟೇ ಕೆಲಸ.

ಇನ್ನೊಂದು ತಿರುಪು ರಿಬೌಂಡ್‌ನದು. ಒತ್ತಿದ ಸ್ಪ್ರಿಂಗ್ ಎಷ್ಟು ಬೇಗ ವಾಪಸ್ ಏಳಬೇಕು ಅನ್ನುವುದನ್ನು ಅದು ಹಿಡಿಯುತ್ತದೆ. ನಮ್ಮದು ತೀರಾ ಸಡಿಲ ಇತ್ತು, ಹಂಪ್ ಮೇಲೆ ಕುಣಿಯುತ್ತಿದ್ದದ್ದು ಅದಕ್ಕೇ. ಸ್ವಲ್ಪ ಬಿಗಿ ಮಾಡಿದ ಮೇಲೆ ಒತ್ತಿ ಬಿಟ್ಟರೆ ಒಂದೇ ಸಲ ಎದ್ದು ನಿಂತಿತು. ಮುಂದಿನ ಚಕ್ರದ ಸಸ್ಪೆನ್ಷನ್ ಆದ ಫೋರ್ಕನ್ನೂ ಅದೇ ಮಧ್ಯಾಹ್ನ ನೋಡಿದೆವು, ಅಲ್ಲಿ ಹೆಚ್ಚೇನೂ ಕೆಲಸ ಇರಲಿಲ್ಲ. ಎಲ್ಲಾ ಸಂಖ್ಯೆಗಳೂ ಹೆಂಡತಿಯ ಕೈಬರಹದಲ್ಲಿ ಸರ್ವಿಸ್ ಪುಸ್ತಕದ ಹಿಂದಿನ ಪುಟದಲ್ಲಿವೆ.

ಮರುದಿನ ಇಬ್ಬರೂ ವಿರಾಜಪೇಟೆ ಕಡೆ ಹೊರಟೆವು. ಟಯರ್ ಗಾಳಿ ತಣ್ಣಗಿರುವಾಗಲೇ ಮುಂದೆ 36, ಹಿಂದೆ 42 ಪಿಎಸ್ಐ ಹಾಕಿದ್ದೆ. ಮೇಕೇರಿಯ ತಿರುವಿನಲ್ಲಿ ಬೈಕು ಈಗ ನಾನು ನೋಡಿದ ಕಡೆಗೇ ತಿರುಗಿತು. ಹೊರಗೆ ಎಳೆಯಲಿಲ್ಲ. ಮೂರ್ನಾಡು ದಾಟಿ ಬೇತ್ರಿ ಸೇತುವೆಯ ಹತ್ತಿರ ಕಾವೇರಿ ನೋಡಲು ನಿಲ್ಲಿಸಿದಾಗ ಹೆಂಡತಿ ಕೇಳಿದಳು, "ರೀ, ಸೀಟ್ ಬದಲಾಯಿಸಿದ್ರಾ? ಇವತ್ತು ಸೊಂಟಕ್ಕೆ ಏನೂ ಆಗಿಲ್ಲ." ನನ್ನ ಖುಷಿ ಹೇಳತೀರದು.

ಮೈಸೂರಿನಲ್ಲಿ ಹಾಕಿಸಿದ ಹೊಸ ಟಯರ್ ಬಗ್ಗೆ ಒಂದು ಮಾತು. ಕಂಪನಿಯದು 190/50, ಅಂದರೆ 190 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 50. ನಾನು 190/55 ತಗೊಂಡೆ. ಪಕ್ಕದ ಗೋಡೆ 95 ಮಿಲಿಮೀಟರ್ ಇದ್ದದ್ದು 104.5 ಆಗುತ್ತದೆ, ಅಂದರೆ ಹಿಂಭಾಗ ಒಂದು ಸೆಂಟಿಮೀಟರ್‌ನಷ್ಟು ಮೇಲೇಳುತ್ತದೆ. ಬೈಕು ತಿರುವಿಗೆ ಬೇಗ ವಾಲುತ್ತದೆ. ಹಾಕಿಸಿದವರಿಗೆ ಚೈನ್ ಮತ್ತು ಮಡ್‌ಗಾರ್ಡ್ ಹತ್ತಿರ ಜಾಗ ಇದೆಯಾ ಅಂತ ಚಕ್ರ ತಿರುಗಿಸಿ ತೋರಿಸಲು ಹೇಳಿದೆ. ತೋರಿಸಿದರು. ಹೆಡ್‌ಲೈಟನ್ನು ಆಮೇಲೆ ಮನೆಯ ಗೋಡೆ ಎದುರು ನಿಲ್ಲಿಸಿ ಮತ್ತೆ ಹೊಂದಿಸಿಕೊಂಡೆ.

ಅದೇ ಡೀಲರ್ ಹತ್ತಿರ ಈಗಲೂ ಹೋಗುತ್ತೇನೆ. ಒರಿಜಿನಲ್ ಭಾಗಗಳು ಅಲ್ಲೇ ಸಿಗುವುದು. ಬ್ರೇಕ್ ಮಾಡಿಕೊಟ್ಟ ಹುಡುಗ ಇರುವ ದಿನವನ್ನೇ ಕೇಳಿ ಬುಕ್ ಮಾಡುತ್ತೇನೆ. ಮುಂದಿನ ಕೆಲಸ ಫೋರ್ಕ್ ಆಯಿಲ್ ಮತ್ತು ಸೀಲ್. ಸೀಲ್‌ಗಳ ಪಾರ್ಟ್ ನಂಬರ್ ಬರೆದು ಕಳಿಸಿದ್ದೇನೆ, ಸ್ಟಾಕ್ ಬಂದ ಮೇಲೆ ಫೋಟೋ ಕಳಿಸಿ, ಆಮೇಲೆ ಅಡ್ವಾನ್ಸ್ ಹಾಕ್ತೀನಿ ಅಂತಲೂ ಹೇಳಿದ್ದೇನೆ. ನಿನ್ನೆ ಫೋಟೋ ಬಂತು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಮಾಡಿಸಿಬಿಡಬೇಕು, ಆಮೇಲೆ ಕಣದಲ್ಲಿ ಬೈಕಿಗೆ ಜಾಗ ಇರುವುದಿಲ್ಲ.